ಆಕಾಶ ಕಾಣಬೇಕು

"ನೆಟ್ಟಗೆ ನಿಲ್ಲೇ ಮುಂಡೇದೇ! ಕೋಲು ಅಲ್ಲಾಡಿದ್ರೆ ಸೊಂಟ ಮುರೀತೀನಿ!"

ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಧಣಿ ಅಬ್ಬರಿಸಿದ. ಬಾಯಿಬಡಕಿ ಮುಳ್ಳುಕಂಟಿಯ ನಡುವೆ ಕೋಲು ಹಿಡಿದು ನಿಂತಿದ್ದಳು. ಹೆತ್ತವರಿಟ್ಟ ಹೆಸರು ಬೇರೆಯಿತ್ತು, ಊರಿಗೆ ಅದು ಬೇಕಿರಲಿಲ್ಲ. ಕೋಲಿನ ತುದಿಯಲ್ಲಿ ರಿಸೀವರ್ ಎಂಬ ಬಿಳಿ ಡಬ್ಬಿ. ಉಪಗ್ರಹಗಳು ಡಬ್ಬಿಗೆ ಜಾಗ ಹೇಳುತ್ತವೆ, ಡಬ್ಬಿ ಮೊಬೈಲಿಗೆ ಹೇಳುತ್ತದೆ, ಮೊಬೈಲು ಜೀಪಿನೊಳಗೆ ತಣ್ಣಗೆ ಕೂತ ಸರ್ವೆಯರ್‌ಗೆ ಹೇಳುತ್ತದೆ. ಬಿಸಿಲಲ್ಲಿ ನಿಂತವಳಿಗೆ ಬೈಗುಳ ಬಿಟ್ಟು ಯಾರೂ ಏನೂ ಹೇಳುವುದಿಲ್ಲ.

ಅಳೆಯುತ್ತಿದ್ದದ್ದು ಕೂಲಿಯವರ ಗುಡಿಸಲು ಸಾಲಿನ ಜಾಗ. ಹಳೆಯ ನಕ್ಷೆಯ ನಾಲ್ಕು ಮೂಲೆ ಹುಡುಕಿ ಗೂಟ ಹೊಡೆದರೆ ಒಳಗಿದ್ದದ್ದು ಕೂಲಿಯವರಿಗೆ, ಹೊರಗಿದ್ದದ್ದು ಧಣಿಗೆ. ನಕ್ಷೆಯಲ್ಲಿ ಗೆರೆಗಳಿದ್ದವು, ಮನೆಗಳಿರಲಿಲ್ಲ.

ಮೂರನೇ ಮೂಲೆ ಬಾಯಿಬಡಕಿಯ ಒಲೆಯ ಪಕ್ಕವೇ ಬಿತ್ತು.

"ಸೂರಿನ ಕೆಳಗೆ ಸಿಗ್ನಲ್ ಬರಲ್ಲ," ಎಂದ ಸರ್ವೆಯರ್. "ಆಕಾಶ ಕಾಣಬೇಕು."

"ತಗಡು ಕಿತ್ತಾಕ್ರೋ!" ಎಂದ ಧಣಿ.

ಅವನ ಆಳುಗಳು ಕಿತ್ತೇಬಿಟ್ಟರು. ಒಲೆ ಊದುತ್ತಿದ್ದ ಅತ್ತೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು. "ಲೇ ಸೊಸೇ, ಉಪಗ್ರಹಕ್ಕೂ ಬಡವರ ಮನೆ ಮಡಿಕೆ ಇಣುಕೋ ಚಟಾನಾ?"

"ನೋಡ್ಲಿ ಬಿಡತ್ತೆ. ಕಂಡ್ರೆ ತಾನೇ ನಾಚ್ಕೊಳ್ಳೋದು."

ಮೊಬೈಲು ಕುಂಯ್ ಎಂದಿತು. ಅರ್ಧ ಗುಡಿಸಲು ಹೊರಗೆ.

"ಯಂತ್ರ ಸುಳ್ಳು ಹೇಳಲ್ಲ ಕಣೇ," ಧಣಿ ಒಲೆಯನ್ನು ಕಾಲಲ್ಲಿ ತಳ್ಳಿದ. "ನಾಳೆಯೊಳಗೆ ಗಂಟುಮೂಟೆ ಕಟ್ಟು." ಹೇಳಿ ಊಟಕ್ಕೆ ಮನೆಗೆ ಹೋದ.

ಆ ಒಲೆಯ ಮಣ್ಣನ್ನು ತುಳಿದು ಹದ ಮಾಡಿದವಳು ಬಾಯಿಬಡಕಿಯೇ. ಆದರೂ ಕೋಲು ಹೊತ್ತು ನಡೆದಳು, ಇನ್ನೊಂದು ಮೂಲೆ ಬಾಕಿಯಿತ್ತು. ಗಂಡ, ಅತ್ತೆ, ಗುಡಿಸಲು ಸಾಲಿನವರೆಲ್ಲ ಹಿಂದೆಯೇ ಹೊರಟರು. ಸೂರು ಕಿತ್ತ ಮೇಲೆ ಮನೆಯಲ್ಲಿ ಕೂತು ಕಾಯುವುದೇನನ್ನು?

ಸರ್ವೆಯರ್ ಮೊಬೈಲಿನಿಂದ ತಲೆ ಎತ್ತದೆ ಜೀಪಿನ ಕಿಟಕಿಯಿಂದ ಕೂಗುತ್ತಿದ್ದ. "ಮುಂದೆ ಹದಿನೆಂಟು ಮೀಟರ್. ಸ್ವಲ್ಪ ಎಡಕ್ಕೆ. ಇನ್ನು ಒಂಬತ್ತು."

"ಸಾರ್, ಮುಂದೆ ಬಾಗ್ಲು ಐತೆ."

"ಬಾಗಿಲೋ ಗೀಗಿಲೋ! ಮೊಬೈಲಿನ ಬಾಣ ತೋರಿಸಿದ ಕಡೆ ಹೋಗೇ!"

ಹದಿನೈದು ವರ್ಷ ಧಣಿಯ ಹೊಲದಲ್ಲಿ ಕಳೆ ಕಿತ್ತರೂ ಅವನ ಮನೆಯ ಹೊಸ್ತಿಲನ್ನು ಅವಳು ತುಳಿದಿರಲಿಲ್ಲ. ಸರ್ಕಾರವೇ ಹೋಗು ಎಂದ ಮೇಲೆ ತಡವೇಕೆ? ಮಣ್ಣುಗಾಲಲ್ಲೇ ಒಳಗೆ ನಡೆದಳು.

"ಇನ್ನೆರಡು ಮೀಟರ್... ಅಯ್ಯೋ, ಸಿಗ್ನಲ್ ಹೋಯ್ತು! ಎಲ್ಲಿ ಸತ್ತೆ?"

ಎರಡು ಮೀಟರ್ ಆಚೆ ಧಣಿ ಉಣ್ಣುತ್ತಿದ್ದ. ಬಾಯಿಬಡಕಿ ಎರಡು ಹೆಜ್ಜೆ ಇಟ್ಟು ಅವನ ತಟ್ಟೆಯ ಪಕ್ಕ ಕೋಲೂರಿದಳು. ಬಾಯಿಗೆ ಹೋಗುತ್ತಿದ್ದ ತುತ್ತು ಅವನ ಮಡಿಲಿಗೆ ಬಿತ್ತು.

"ಏಯ್, ಯಾವಳೇ ನಿನ್ನ ಒಳಗೆ ಬಿಟ್ಟೋಳು!"

ಓಡಿಬಂದ ಸರ್ವೆಯರ್ ಮೊಬೈಲು ನೋಡಿದ, ಧಣಿಯನ್ನು ನೋಡಿದ, ಬೆವರೊರೆಸಿಕೊಂಡ. ನಾಲ್ಕನೇ ಮೂಲೆ ನಡುಮನೆಯಲ್ಲೇ ಇತ್ತು. ಅರ್ಧ ಮನೆ ಕೂಲಿಯವರ ಜಾಗದಲ್ಲಿತ್ತು.

"ಈ ಆಪ್ ಒಂದೊಂದ್ ಸಲ ತಪ್ಪು ತೋರಿಸುತ್ತೆ ಧಣಿ..."

"ಇಲ್ಲಿ ತಪ್ಪಾದ್ರೆ ನನ್ನ ಒಲೆ ಹತ್ರಾನೂ ತಪ್ಪು," ಎಂದಳು ಬಾಯಿಬಡಕಿ. "ಅಲ್ಲಿ ಸರಿಯಾದ್ರೆ ಇಲ್ಲೂ ಸರಿ. ಯಾವ್ದು ಬರ್ಕೊತೀರಿ ಸಾರ್?"

ಸರ್ವೆಯರ್ ಮೊಬೈಲನ್ನು ಸೂರಿನತ್ತ ಎತ್ತಿ ಹಿಡಿದ. "ಸಿಗ್ನಲ್ ಬರದೆ ಏನೂ ಬರೆಯೋಕಾಗಲ್ಲಮ್ಮ."

ಮುಂಡೇದು ಎನಿಸಿಕೊಂಡವಳು ಅಮ್ಮ ಆಗಿದ್ದಳು! ಅವಳು ಕೋಲನ್ನು ಅವನ ಕೈಗೇ ಕೊಟ್ಟಳು. "ನೆಟ್ಟಗೆ ಹಿಡ್ಕೊಳ್ಳಿ." ಸೀರೆ ಎತ್ತಿ ಕಟ್ಟಿ, ಅಂಗಳದ ಏಣಿ ಏರಿ ಸೂರು ಹತ್ತಿದಳು. ಗಂಡ ಹಿಂದೆಯೇ ಹತ್ತಿದ. ಅತ್ತೆ ಕೆಳಗೆ ಸೆರಗೊಡ್ಡಿ ನಿಂತಳು, ಅವಳ ಹಿಂದೆ ಇಡೀ ಸಾಲು.

"ಇಳೀರೋ ಬೋಳಿಮಕ್ಳಾ!" ಧಣಿ ಎಂಜಲು ಕೈ ಬೀಸುತ್ತ ಅಂಗಳದಲ್ಲಿ ಕುಣಿದಾಡಿದ.

ಮೊದಲ ಹೆಂಚು ಕಿತ್ತು ಬಂತು. ನಡುಮನೆಗೆ ಬಿಸಿಲು ಇಳಿಯಿತು.

"ಅತ್ತೇ, ಹುಷಾರಾಗಿ ಹಿಡಿ, ಒಡೀಬೇಡ," ಬಾಯಿಬಡಕಿ ಮೇಲಿನಿಂದ ಕೂಗಿದಳು. "ನಮ್ಮ ಜಾಗದ ಹೆಂಚು!"