ಕ್ಷೌರದಂಗಡಿಯ ನಗು

ಆ ಬೀದಿಯಲ್ಲಿ ಬೇರೆ ಕ್ಷೌರದಂಗಡಿಗಳೂ ಇದ್ದವು. ಆದರೂ ಜನ ಕಾದು ಕೂತು ಈ ಕ್ಷೌರಿಕನ ಕೈಗೇ ತಲೆ ಕೊಡುತ್ತಿದ್ದರು. ಕತ್ತರಿಗಿಂತ ಅವನ ನಾಲಿಗೆ ಚುರುಕು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಮಾಸಿದ ಪರದೆ. ಪರದೆಯ ಈಚೆ ಅವನು ಬೀದಿಯವರೆಲ್ಲರ ಧ್ವನಿ ಅನುಕರಿಸಿ ನಗಿಸುತ್ತಿದ್ದ. ಆಚೆ ಅವನ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಹರಿದ ಕಾಲರು, ಸಡಿಲವಾದ ಸೊಂಟಪಟ್ಟಿ ಸರಿಮಾಡುತ್ತಿದ್ದಳು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವನ ಹೆಂಡತಿಯೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ಅಂಗಡಿಯಲ್ಲಿ ಎಲ್ಲಕ್ಕಿಂತ ಬೇಡಿಕೆಯಿದ್ದದ್ದು ಗಡಿಯಾರ ರಿಪೇರಿಯವರ ಕಥೆಗೆ. ಬೀದಿಯ ಮೂಲೆಯಲ್ಲಿ ಕೆಲಸ ಮಾಡುತ್ತಿದ್ದ ಆ ಮೆದು ಮನುಷ್ಯರಿಗೆ ಯಾರೋ ಫೋನು ಮಾಡಿ, ಕಾರು ಬಹುಮಾನ ಬಂದಿದೆ ಎಂದು ಮೂಗಿಗೆ ತುಪ್ಪ ಸವರಿದ್ದರು. ತೆರಿಗೆ, ಸಾಗಣೆ ಎಂದು ಅವರ ಉಳಿತಾಯವನ್ನೆಲ್ಲ ನುಂಗಿದ್ದರು. ಆದರೆ ಅಂಗಡಿಯ ಕಥೆಯಲ್ಲಿ ಆ ಫೋನಿನ ಮಾತೇ ಇರುತ್ತಿರಲಿಲ್ಲ. ಇರುತ್ತಿದ್ದದ್ದು, ಅವರು ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು ಹೋಗಿಬರುವ ಕಾರುಗಳನ್ನೆಲ್ಲ ಇಣುಕಿ ನೋಡಿದ ದೃಶ್ಯ ಮಾತ್ರ.

“‘ಇದೇನಾ ನಂದು? ಅಲ್ಲ, ಇದು ಕೆಂಪು... ನಂದು ಬಿಳೀದು ಅಂದಿದ್ರು,’” ಎಂದು ಅವನು ಅವರ ನಡುಗುವ ಧ್ವನಿ ತೆಗೆದರೆ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. “ನಾನು ಬರೀ ಕೂದಲು ತೆಗೀತೀನಿ ಸ್ವಾಮಿ, ಇವರು ತಲೇನೇ ಬೋಳಿಸ್ಕೊಂಡು ಬಂದ್ರು!”

ಗಡಿಯಾರದವರು ಆ ಅಂಗಡಿಗೆ ಬರುವುದನ್ನೇ ಬಿಟ್ಟರು. ಕ್ಷೌರಿಕನ ಹೆಂಡತಿಗೆ ಇದು ಹಿಡಿಸಲಿಲ್ಲ.

“ಆ ಕಥೆ ಇನ್ನು ಸಾಕು ಮಾಡಿ. ಮೋಸ ಹೋದವರು ಅವರು, ಮಾಡಿದವರಲ್ಲ.”

“ನೀನು ಸುಮ್ನಿರೆ. ನಕ್ಕರೆ ತಾನೆ ಜನಕ್ಕೆ ಬುದ್ಧಿ ಬರೋದು? ಇದನ್ನ ಕೇಳಿದೋರು ಮತ್ತೆ ಆ ಬಲೆಗೆ ಬೀಳ್ತಾರಾ?”

“ಬೀಳ್ತಾರೆ. ಬಿದ್ದ ಮೇಲೆ ಬಾಯಿ ಬಿಡಲ್ಲ, ಅಷ್ಟೇ.”

ಅವನು ಆ ಮಾತನ್ನು ಗಾಳಿಗೆ ತೂರಿದ. ಅವನೊಬ್ಬನನ್ನೇ ದೂರಿ ಏನು ಫಲ? ಕಳ್ಳ ಬಾಗಿಲು ಒಡೆದು ಬಂದರೆ ನಾವು ಮನೆಯವರ ಹತ್ತಿರ ಕೂತು ಮರುಗುತ್ತೇವೆ. ಅದೇ ಕಳ್ಳ ಸವಿಮಾತಾಡಿ ಬಂದರೆ ಮನೆಯವರನ್ನೇ ಆಡಿಕೊಳ್ಳುತ್ತೇವೆ. ಈ ಕೆಟ್ಟ ಪದ್ಧತಿ ನಮ್ಮ ಮನೆಗಳಲ್ಲೆಲ್ಲ ಇದೆ.

ಕೆಲವು ತಿಂಗಳು ಕಳೆದವು. ಅಕ್ಕ ಸೂಜಿಗೆ ದಾರ ಪೋಣಿಸಲು ತಮ್ಮನ ಹೆಂಡತಿಯನ್ನು ಕರೆಯತೊಡಗಿದಳು. ಒಮ್ಮೆ ಬಿಳಿ ಅಂಗಿಗೆ ನೀಲಿ ದಾರ ಹಾಕಿ ಹೊಲಿದಳು.

“ಏನಕ್ಕ, ಹೊಸ ಫ್ಯಾಷನ್ನಾ?” ಎಂದು ತಮ್ಮ ಅದನ್ನು ಅಂಗಡಿಯಲ್ಲಿ ಎತ್ತಿ ತೋರಿಸಿದ. ಎಲ್ಲರೂ ನಕ್ಕರು. ಪರದೆಯ ಆಚೆಯಿಂದ ಅಕ್ಕನೂ ನಕ್ಕಳು.

ಅವಳಿಗೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಇತ್ತು. ಒಂದು ದಿನವೂ ತಪ್ಪದಂತೆ ಹನಿ ಔಷಧಿ ಹಾಕಿಕೊಳ್ಳಬೇಕು ಎಂದು ವೈದ್ಯೆ ಹೇಳಿದ್ದರು. ಗೂಡು ಒರೆಸುವಾಗ ಹೆಂಡತಿಯ ಕೈಗೆ ಆ ಶೀಶೆ ಸಿಕ್ಕಿತು. ಒಳಗೆ ಒಣಗಿ, ಮುಚ್ಚಳ ಬಾಯಿಗೆ ಅಂಟಿಕೊಂಡಿತ್ತು. ಅವಳು ಅಕ್ಕನನ್ನು ಹೊಲಿಗೆಯಿಂದ ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದಳು. ತಮ್ಮ ಅಂಗಡಿಗೆ ಬಾಗಿಲು ಹಾಕಿ ಹಿಂದೆಯೇ ಓಡಿದ.

ವೈದ್ಯೆ ಎರಡು ಸಲ ಪರೀಕ್ಷಿಸಿದರು. “ಎಡಗಣ್ಣು ಹೋಗಿದೆ. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮತ್ತೆ ಬರಲ್ಲ. ಬಲಗಣ್ಣನ್ನಾದ್ರೂ ಉಳಿಸ್ಕೊಳ್ಳೋಣ. ಔಷಧಿ ಯಾಕಮ್ಮ ಬಿಟ್ರಿ?”

ಅಕ್ಕ ಸೆರಗಿನ ತುದಿ ಸುತ್ತುತ್ತ ಕೂತಳು. ಮನೆಗೆ ಬಂದ ಮೇಲೆಯೇ ಬಾಯಿ ಬಿಟ್ಟಳು.

ದಾರದ ಕಂಪನಿಯವರು ಎಂದು ಒಬ್ಬ ಫೋನು ಮಾಡಿದ್ದನಂತೆ. ನಮ್ಮ ದಾರ ಕೊಂಡವರ ಹೆಸರಿನ ಚೀಟಿ ಎತ್ತಿದ್ದೇವೆ, ನಿಮಗೆ ಮೋಟಾರಿನ ಹೊಲಿಗೆ ಯಂತ್ರವೂ ದೊಡ್ಡ ಮೊತ್ತವೂ ಬಂದಿದೆ ಅಂದನಂತೆ. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ವಿಮೆ. ಪ್ರತಿ ಸಲವೂ ಇದೇ ಕೊನೆ ಅನ್ನುತ್ತಿದ್ದನಂತೆ.

“‘ಅಮ್ಮಾ’ ಅಂತ ಕರೀತಿದ್ದ ಕಣೋ. ನಿನ್ನ ಅಂಗಡಿ ಕುರ್ಚಿ ಹರಿದು ಹೋಗಿತ್ತಲ್ಲ, ತಿರುಗೋ ಕುರ್ಚಿ ತಂದು ಕೊಡೋಣ ಅಂದ್ಕೊಂಡೆ. ಕೈಲಿದ್ದದ್ದೆಲ್ಲ ಮುಗೀತು. ಆಮೇಲೆ ಔಷಧಿ ದುಡ್ಡೂ ಹಾಕಿದೆ.”

ಹೆಂಡತಿ ಅವಳ ಕೈ ಹಿಡಿದುಕೊಂಡಳು. “ಅಕ್ಕ, ನೀವು ಯಾವ ಸ್ಪರ್ಧೆಗೂ ಹೆಸರು ಕೊಟ್ಟಿರಲಿಲ್ಲ. ಬಹುಮಾನ ಅಂದ್ರೆ ಅವರು ಕೊಡ್ಬೇಕು, ನಾವು ಕಟ್ಟೋದಲ್ಲ. ಮೊದಲು ದುಡ್ಡು ಕಟ್ಟಿ ಅಂದ್ರೆ ಅಲ್ಲಿಗೇ ಅದು ಮೋಸ.”

“ಒಂದು ಹಂತಕ್ಕೆ ಬಂದಾಗ ನನಗೂ ಅನುಮಾನ ಬಂತು ಕಣೆ.”

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಅಕ್ಕ?” ತಮ್ಮ ಕೇಳಿದ.

ಅಕ್ಕ ಪರದೆಯ ಕಡೆ ಮುಖ ತಿರುಗಿಸಿದಳು. “ಇಲ್ಲೇ ಕೂತು ದಿನಾ ಕೇಳ್ತಿದ್ನಲ್ಲಪ್ಪ. ಗಡಿಯಾರದವರ ಧ್ವನಿ ನೀನು ಎಷ್ಟು ಚೆನ್ನಾಗಿ ತೆಗೀತೀಯ! ನನ್ನ ಧ್ವನೀನ ಇನ್ನೂ ಚೆನ್ನಾಗಿ ತೆಗೀತಿದ್ದೆ.”

ಅವಳ ಕಣ್ಣು ಕಿತ್ತದ್ದು ಎಲ್ಲೋ ಕೂತ ಕಳ್ಳ. ಬಾಯಿ ಹೊಲಿದದ್ದು ತಾನು. ನೀಲಿ ದಾರದ ಅಂಗಿಯನ್ನು ಎತ್ತಿ ಹಿಡಿದ ತನ್ನ ಕೈಯನ್ನೇ ಕತ್ತರಿಸಿ ಹಾಕಬೇಕು ಅನ್ನಿಸಿತು ಅವನಿಗೆ.

ಪೊಲೀಸರಿಗೆ ದೂರು ಕೊಟ್ಟರು. ಹೋದ ಹಣದ ಸುಳಿವಿಲ್ಲ. ಅವನು ಗಡಿಯಾರದವರ ಮನೆಗೂ ಹೋಗಿ ಕ್ಷಮೆ ಕೇಳಿದ. ಅವರು ಅರ್ಧ ತೆರೆದ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. “ಸಿಟ್ಟಿಲ್ಲಪ್ಪ. ಆದ್ರೆ ನಿನ್ನ ಅಂಗಡಿಗೆ ಬರೋಕೆ ನನಗೆ ಕಾಲು ಬರಲ್ಲ,” ಎಂದು ಬಾಗಿಲು ಹಾಕಿಕೊಂಡರು.

ಮತ್ತೊಂದು ದಿನ ಅಕ್ಕನ ಫೋನಿಗೆ ಮತ್ತೆ ಅದೇ ಧ್ವನಿಯ ಕರೆ ಬಂತು. ಕಳೆದುಕೊಂಡ ಹಣ ವಾಪಸು ಕೊಡಿಸುತ್ತೇವೆ, ಸಣ್ಣ ಶುಲ್ಕವಿದೆ ಎಂದು. ಒಮ್ಮೆ ಕೊಟ್ಟವರ ಹತ್ತಿರ ಅವರು ಹೀಗೆ ಇನ್ನೊಂದು ವೇಷದಲ್ಲಿ ಬರುತ್ತಾರೆ. ಈ ಸಲ ಅಕ್ಕ ತಮ್ಮನನ್ನು ಕೂಗಿ ಫೋನನ್ನು ಅವನ ಕಿವಿಗಿಟ್ಟಳು. ಅವನು ಕೊನೆಯವರೆಗೂ ಕೇಳಿಸಿಕೊಂಡ.

“ಅಂಗಡಿಯಲ್ಲಿ ಇದನ್ನ ಹೇಳ್ಲಾ ಅಕ್ಕ?”

“ಹೇಳು. ಆದ್ರೆ ಅವನ ಧ್ವನಿ ತೆಗಿ. ನನ್ನದು ಬೇಡ.”

ಮರುದಿನ ಅಂಗಡಿ ತುಂಬಿತ್ತು. ಕುರ್ಚಿಯಲ್ಲಿ ಕೂತಿದ್ದ ಬಸ್ ಡ್ರೈವರ್ ಅರ್ಧ ಮುಖದ ನೊರೆಯಲ್ಲೇ ಕೇಳಿದರು. “ಗಡಿಯಾರದವರ ಕಥೆ ಹೇಳೋ ಮಾರಾಯ, ಕೇಳಿ ಬಹಳ ದಿನ ಆಯ್ತು.”

“ಆ ಕಥೆ ಇನ್ಮೇಲೆ ಈ ಅಂಗಡೀಲಿ ಇಲ್ಲ. ಹಾಗೆ ನಗಿಸಿದ್ದು ನನ್ನ ತಪ್ಪು.” ಅವನು ಕತ್ತಿ ಕೆಳಗಿಟ್ಟ. “ನಮ್ಮ ಮನೇಲೇ ಮೋಸ ಆಗಿದೆ. ನಮ್ಮಕ್ಕನ ಒಂದು ಕಣ್ಣು ಹೋಯ್ತು. ಅವನು ಹೇಗೆ ಮಾತಾಡ್ತಾನೆ ಅಂತ ಮಾಡಿ ತೋರಿಸ್ತೀನಿ, ಕೇಳಿ.”

ಆಮೇಲೆ ಆ ಧ್ವನಿ ತೆಗೆದ. ಜೇನಿನಂಥ ಧ್ವನಿ. “ಅಮ್ಮಾ, ನಿಮ್ಮ ಅದೃಷ್ಟ ನೋಡಿ... ಇವತ್ತೇ ಕಟ್ಟಿದ್ರೆ ಮಾತ್ರ... ಮನೆಯವರಿಗೆ ಈಗಲೇ ಹೇಳ್ಬೇಡಿ, ಬಂದ ಮೇಲೆ ಖುಷಿ ಪಡಿಸಿ... ಇದೇ ಕೊನೆ ಕಂತು ಅಮ್ಮಾ...”

ಯಾರೂ ನಗಲಿಲ್ಲ. ಪರದೆಯ ಆಚೆ ಯಂತ್ರದ ಚಕ್ರವೂ ನಿಂತಿತು. ಡ್ರೈವರ್ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡುತ್ತ ಕೂತಿದ್ದರು. ಗಲ್ಲದ ಮೇಲಿನ ನೊರೆ ಕರಗಿ ಕೊರಳಿಗೆ ಇಳಿಯುತ್ತಿತ್ತು.

“ಈ ಧ್ವನಿ,” ಅವರು ಮೆಲ್ಲನೆ ಅಂದರು, “ನನಗೆ ಗೊತ್ತು. ಮಗಳ ಫೀಸಿನ ದುಡ್ಡು ಜೇಬಲ್ಲಿದೆ. ಇಲ್ಲಿಂದ ಸೀದಾ ಅದನ್ನ ಅವನಿಗೆ ಕಟ್ಟೋಕೆ ಹೊರಟಿದ್ದೆ.” ಆಮೇಲೆ ಗಾಬರಿಯಿಂದ ಸುತ್ತ ನೋಡಿದರು. “ಯಾರಿಗೂ ಹೇಳ್ಬೇಡ್ರಪ್ಪ.”

ಪರದೆ ಸರಿಯಿತು. ಅಕ್ಕ ಗೋಡೆ ಹಿಡಿದು ಬಂದಳು. ಎಡಗಡೆ ಕಾಣದ್ದರಿಂದ ಮುಖವನ್ನು ಪೂರ್ತಿ ತಿರುಗಿಸಿ ಡ್ರೈವರನ್ನು ಹುಡುಕಿದಳು.

“ಕಟ್ಬೇಡಿ. ಮೊದಲಿಂದ ಹೇಳಿ, ಏನೇನಂದ?” ಎಂದು ಬೆಂಚಿನ ಮೇಲೆ ಕೂತಳು. “ಇಲ್ಲಿ ಯಾರೂ ನಗಲ್ಲ.”