ತೊಟ್ಟಿಲಲ್ಲಿ ಕಲ್ಲು

ಶ್ರಾವ್ಯಳ ಮೂಗಿನಿಂದ ಇಳಿದದ್ದು ಮೇಲ್ತುಟಿಯ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತಿತು. ಹಸಿರು, ದಪ್ಪ. ಆಮೇಲೆ ಮಗುವಿನ ನಾಲಿಗೆ ಹೊರಗೆ ಬಂದು ಅದನ್ನು ಒಳಗೆ ಕರೆದುಕೊಂಡು ಹೋಯಿತು. ಜಗಲಿಯ ಮೇಲೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ವನಜಳಿಗೆ ಬೆಳಿಗ್ಗೆ ಕುಡಿದ ಚಾ ಗಂಟಲವರೆಗೆ ಬಂದು ಹಿಂದೆ ಹೋಯಿತು. ಆದರೆ ಬಂದವರು ಬೀಗರು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಕುಂದಾಪುರದಿಂದ ಶಿರೂರಿಗೆ ಎರಡು ಕಾರು ಮಾಡಿಕೊಂಡು ಬಂದವರು. ಅವರೆದುರು ಮುಖ ಸಿಂಡರಿಸುವಂತಿಲ್ಲ. ವನಜ ಹಲ್ಲು ಕಿರಿದಳು.

"ಬನ್ನಿ ಸುಗುಣಕ್ಕ, ಬನ್ನಿ. ಕಾಲಿಗ್ ನೀರ್ ತಕಣಿ."

ಸುಗುಣ ಅಳಿಯ ರತೀಶನ ತಾಯಿ. ಅವಳ ಹಿಂದೆ ಮಗಳು ವಿಜೇತಾ, ವಿಜೇತಾಳ ಸೀರೆ ಹಿಡಿದುಕೊಂಡು ಮೂರು ವರ್ಷದ ಶ್ರಾವ್ಯ. ವಿಜೇತಾ ಬ್ರಹ್ಮಾವರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವವಳು. ಅಂಗಳಕ್ಕೆ ಕಾಲಿಟ್ಟವಳೇ ಕರವಸ್ತ್ರ ತೆಗೆದು ಮೂಗಿಗೆ ಹಿಡಿದಳು. ಮಗಳ ಮೂಗಿಗಲ್ಲ, ತನ್ನದಕ್ಕೆ.

"ಎಂತ ವಾಸ್ನಿ ಅತ್ತೆ ನಿಮ್ ಬದಿಯಂಗೆ!"

ವಾಸನೆ ಬರಬಾರದೆಂದು ವನಜ ಪಟ್ಟ ಪಾಡು ದೇವರಿಗೇ ಗೊತ್ತು. ಮೀನಿನ ಬುಟ್ಟಿಗಳನ್ನೆಲ್ಲ ಪಕ್ಕದ ಮನೆಯ ಬಾಗಿಯ ಹಿತ್ತಿಲಿಗೆ ಸಾಗಿಸಿದ್ದಳು. ಅಂಗಳಕ್ಕೆ ಫಿನಾಯಿಲ್ ಸುರಿದು ತೊಳೆದಿದ್ದಳು. ಇಷ್ಟು ವರ್ಷ ಪೇಟೆಯಲ್ಲಿ ಕೂತು ಮೀನು ಮಾರಿದವಳು ಅವಳು. ಬಂಗುಡೆಯ ಕರುಳು ಕಿತ್ತ ಕೈಯನ್ನು ಒಂದು ಚೊಂಬು ನೀರಿಗೆ ತೊಳೆದು ಅದೇ ಕೈಯಲ್ಲಿ ಗಂಜಿ ಉಂಡವಳು. ಮೀನು ಅವಳಿಗೆ ಎಂದೂ ಹೇಸಿಗೆ ಎನಿಸಿದ್ದಿಲ್ಲ. ಸಿಂಬಳ ಮಾತ್ರ ಅವಳಿಂದ ಆಗದು. ಅದೂ ಇವತ್ತು, ಈ ಮನೆಯಲ್ಲಿ, ಸುತಾರಾಂ ಆಗದು.

ಯಾಕೆಂದರೆ ಒಳಕೋಣೆಯಲ್ಲಿ ಮಗಳು ಚಂದನಾಳ ಮಗ್ಗುಲಲ್ಲಿ ಮಲಗಿದ್ದ ಕೂಸು ಎಂಟು ತಿಂಗಳಿಗೇ ಅವಸರ ಮಾಡಿ ಹುಟ್ಟಿದ್ದು. ಹುಟ್ಟಿದಾಗ ದೊಡ್ಡ ಅಂಜಲ್ ಮೀನಿನ ಒಂದು ತುಂಡಿನಷ್ಟು ಇತ್ತು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದು ಮನೆಗೆ ಬಂದರೆ, ಬಂದ ವಾರದಲ್ಲೇ ಯಾರದೋ ಮನೆಯ ಮಗು ಕೆಮ್ಮಿಕೊಂಡು ಬಂದು ನೋಡಿ ಹೋಯಿತು. ಅದಾಗಿ ಮೂರನೆಯ ದಿನ ಕೂಸಿನ ಎದೆಗೂಡು ಉಸಿರಿಗೊಮ್ಮೆ ಒಳಕ್ಕೆ ಹೋಗಿ ಪಕ್ಕೆಲುಬು ಎಣಿಸುವ ಹಾಗಾಯಿತು. ಮತ್ತೆ ಆಸ್ಪತ್ರೆ, ಮತ್ತೆ ಮೂಗಿಗೆ ನಳಿಗೆ. ಬಿಡುಗಡೆಯ ದಿನ ಡಾಕ್ಟರಮ್ಮ ವನಜಳನ್ನೇ ಎದುರು ಕೂರಿಸಿಕೊಂಡು ಹೇಳಿದ್ದರು. "ಶೀತ ಆದ ಮಗು ಬೇರೆ ಮಕ್ಕಳ ಜೊತೆ ಸೇರಬೇಕಾದರೂ ಔಷಧಿ ಇಲ್ಲದೆ ಜ್ವರ ಬಿಟ್ಟು ಒಂದಿಡೀ ದಿನ ಆಗಿರಬೇಕು, ಗೆಲುವಾಗಿ ಆಡಿಕೊಂಡಿರಬೇಕು. ನಿಮ್ಮ ಮೊಮ್ಮಗನ ಹತ್ತಿರ ಬರಲಿಕ್ಕೆ ಅಷ್ಟು ಸಾಲದು, ಮೂಗು ಕೆಮ್ಮು ಪೂರ್ತಿ ನಿಂತಿರಬೇಕು. ಆ ಮಕ್ಕಳಿಗೆ ಅದು ಬರೀ ಶೀತ. ಇವನಿಗೆ ಉಸಿರಿನ ಪ್ರಶ್ನೆ."

ಶಾಸ್ತ್ರ ಒಮ್ಮೆ ಮುಂದೆ ಹೋಗಿತ್ತು. ಮತ್ತೆ ಮುಂದೆ ಹಾಕಿದರೆ ಸುಗುಣ ಸಿಟ್ಟಾಗುತ್ತಾಳೆ. ಮನೆಯಲ್ಲಿ ಯಾರಿಗಾದರೂ ಶೀತ ಇದೆಯೇ ಎಂದು ವನಜ ಹಿಂದಿನ ದಿನ ಫೋನು ಮಾಡಿ ಕೇಳಿಯೂ ಇದ್ದಳು. ಎಲ್ಲರೂ ಆರಾಮ ಎಂದಿದ್ದ ರತೀಶ.

ತಟ್ಟೆ ಇಡುವ ನೆಪದಲ್ಲಿ ವನಜ ಒಳಕೋಣೆಗೆ ಹೋದಳು. ಅವಳ ಮುಖ ನೋಡಿಯೇ ಚಂದನಾಳಿಗೆ ಏನೋ ಇದೆ ಎಂದು ಗೊತ್ತಾಯಿತು.

"ಅಮ್ಮ, ಎಂತ ಕಂಡ್ರೂ ಬಾಯ್ ಬಿಡ್ಬ್ಯಾಡ. ನಾಳಿಗೆ ನಾನ್ ಹೋಯಿ ಇಪ್ಪುದ್ ಅವ್ರೊಟ್ಟಿಗೆ. ನೀ ಒಂದ್ ಮಾತ್ ಆಡ್ರೆ ನಂಗ್ ವರ್ಷ ಇಡೀ ಕೇಣ್ಕ್."

"ಆಯ್ತ್ ಮಗಾ," ಎಂದಳು ವನಜ. ಸುಳ್ಳು ಹೇಳಿರಲಿಲ್ಲ. ಬಾಯಿ ಮುಚ್ಚಿಕೊಂಡೇ ಕೆಲಸ ಸಾಧಿಸಬಹುದು ಎಂದು ಆಗ ಅವಳಿಗೆ ನಂಬಿಕೆ ಇತ್ತು.

ಚಾವಡಿಗೆ ಬಂದು, "ಶ್ರಾವ್ಯ ಬಾಗಿ ಮನಿ ಅಂಗ್ಳದಂಗೆ ಆಡ್ಕಣ್ಲಿ ವಿಜೇತಾ. ಅಲ್ಲಿ ಆಡಿನ್ ಮರಿ ಇತ್ತ್, ಕಾಂಬುಕ್ ಲಾಯ್ಕ್ ಇತ್ತ್," ಎಂದಳು.

"ಆಡ್ ಯಾರಿಗ್ ಬೇಕ್? ತಮ್ಮನ್ನ ಕಾಣ್ಕ್ ಅಂತ್ ದಾರಿಯಿಡೀ ಒಂದೇ ಹಟ." ವಿಜೇತಾ ಕೂತಲ್ಲಿಂದಲೇ ಮಗಳನ್ನು ಎಳೆದುಕೊಂಡು, ಎರಡು ಬೆರಳಲ್ಲಿ ಅದರ ಮೂಗು ಹಿಂಡಿ, ಕಿಟಕಿಯ ಹೊರಗೆ ದಾಸವಾಳದ ಗಿಡದ ಕಡೆ ಎಸೆದಳು. ಬೆರಳಿಗೆ ಅಂಟಿ ಉಳಿದದ್ದನ್ನು ಪಕ್ಕದಲ್ಲೇ ಕಟ್ಟಿದ್ದ ತೊಟ್ಟಿಲಿನ ಹಗ್ಗಕ್ಕೆ ಒರೆಸಿದಳು. ಒಂದು ನೂಲು ಹಗ್ಗದಿಂದ ಜೋತು ಬಿದ್ದು ಅಲ್ಲಾಡಿತು. ವನಜಳ ಬಾಯಲ್ಲಿ ಎಂಜಲು ತುಂಬಿ ಬಂತು. ಅದನ್ನು ನುಂಗಿ ಕೇಳಿದಳು.

"ಮಗೀಗೆ ಜ್ವರ ಇತ್ತಾ?"

"ರಾತ್ರಿ ಚೂರ್ ಇದ್ದಿತ್ತ್. ಎಂತ ಆತಿಲ್ಲೆ ಅತ್ತೆ, ಬೆಳಿಗ್ಗೆ ಒಂದ್ ಮುಚ್ಳ ಸಿರಪ್ ಕುಡ್ಸಿಯೇ ಕರ್ಕಂಡ್ ಬಂದದ್." ವಿಜೇತಾ ದನಿ ತಗ್ಗಿಸಿ ಕಣ್ಣು ಮಿಟುಕಿಸಿದಳು. "ನರ್ಸರಿಗೂ ಹಂಗೇ ಕಳ್ಸುದ್. ಮಧ್ಯಾಹ್ನದ್ ವರಿಗೆ ಮೈ ತಣ್ಣಗಿರತ್ತ್, ಟೀಚರಿಗೆ ಗೊತ್ತೇ ಆತಿಲ್ಲೆ. ಜ್ವರ ಇತ್ತ್ ಅಂದ್ರೆ ಅವ್ರ್ ಒಳಗ್ ಸೇರ್ಸುದಿಲ್ಲೆ. ದಿನಾ ಅಂಗ್ಡಿಗ್ ರಜೆ ಹಾಕುಕಾತ್ತಾ?"

ಬಸ್ಸಿನಲ್ಲಿ ಕಂಡಕ್ಟರನ ಕಣ್ಣು ತಪ್ಪಿಸಿ ಟಿಕೇಟು ಉಳಿಸಿದವಳ ಹಾಗೆ ಅವಳು ನಕ್ಕಳು. ಆ ನರ್ಸರಿಯ ಉಳಿದ ಮಕ್ಕಳು, ಅವುಗಳ ಮನೆಯ ತೊಟ್ಟಿಲುಗಳು ವನಜಳ ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ಬಾಗಿ ಹಾಡು ಶುರು ಮಾಡಿದಳು. ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವುದು ಪದ್ಧತಿ. ದಿನಾ ಮಸಾಲೆ ಅರೆಯುವ ಕಲ್ಲಿನ ಗುಂಡನ್ನೇ ವನಜ ಬೆಳಿಗ್ಗೆ ಎಣ್ಣೆ ಹಚ್ಚಿ ಮೀಯಿಸಿದ್ದಳು. ಕಾಡಿಗೆಯಲ್ಲಿ ಕಣ್ಣು ಬರೆದು, ಟೊಪ್ಪಿ ತೊಡಿಸಿ, ಬಟ್ಟೆ ಸುತ್ತಿದ್ದಳು. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ, ದೃಷ್ಟಿಯೆಲ್ಲ ಕಲ್ಲಿಗೇ ಹೋಗಲಿ ಎಂದು. ಹೆಂಗಸರು ಅದನ್ನು ತೊಟ್ಟಿಲಿನ ಅಡಿಯಿಂದ, ಮೇಲಿನಿಂದ, ಕೈಯಿಂದ ಕೈಗೆ ದಾಟಿಸಿ ಮಲಗಿಸಿದರು. ಇನ್ನು ಕಲ್ಲು ತೆಗೆದು ಮಗುವನ್ನು ಮಲಗಿಸಬೇಕು. ಸೋದರತ್ತೆ ಸಕ್ಕರೆ ನೀರಿಗೆ ಬೆರಳದ್ದಿ ಮಗುವಿನ ತುಟಿಗೆ ಸವರಿ, ಕಿವಿಯಲ್ಲಿ ಹೆಸರು ಹೇಳಬೇಕು. ಅಲ್ಲಿಯವರೆಗೆ ಹೆಸರು ಯಾರೂ ಬಾಯಿ ಬಿಡಬಾರದೆಂದು ಸುಗುಣಳ ಕಟ್ಟಪ್ಪಣೆ. ಹೆತ್ತವಳಿಗೂ ಅದು ಗೊತ್ತಿರಲಿಲ್ಲ.

ವಿಜೇತಾ ಆಗಲೇ ಬೆಳ್ಳಿಯ ಬಟ್ಟಲಿಗೆ ಬೆರಳು ಅದ್ದಿದ್ದಳು. ಅದೇ ಬೆರಳು. ವನಜ ಅದನ್ನೇ ನೋಡುತ್ತ ನಿಂತಿದ್ದಾಗ ತೊಡೆಗೆ ಏನೋ ಬಿಸಿ ತಗಲಿತು. ಶ್ರಾವ್ಯ ಬಂದು ಅವಳ ಕಾಲಿಗೆ ಒರಗಿಕೊಂಡಿತ್ತು. ಸೀರೆಯ ಮೇಲಿಂದಲೂ ಮೈ ಕಾದ ಕಾವಲಿಯ ಹಾಗಿತ್ತು. ಸಿರಪ್ಪಿನ ಹೊತ್ತು ಮುಗಿದಿತ್ತು.

"ಮಗೂನ ತಕಂಬನ್ನಿ ವನಜಕ್ಕ," ಸುಗುಣ ಕರೆದಳು.

ವನಜ ಒಳಗೆ ಹೋದಳು. ಚಂದನಾ ಜರಿಯ ಟೊಪ್ಪಿ ಹಾಕಿದ ಕೂಸನ್ನು ಎತ್ತಿಕೊಂಡು ಎದ್ದು ನಿಂತಿದ್ದಳು. ವನಜ ಅವಳ ಮುಖ ನೋಡಲಿಲ್ಲ. ಕೂಸಿನ ಎದೆ ಮೆಲ್ಲನೆ ಏರಿ ಇಳಿಯುವುದನ್ನಷ್ಟೇ ನೋಡಿದಳು. ಹಿಂದಕ್ಕೆ ಬಂದು, ಬಾಗಿಲೆಳೆದು, ಹೊರಗಿನಿಂದ ಚಿಲಕ ಹಾಕಿದಳು.

ಬರಿಗೈಯಲ್ಲಿ ಬಂದವಳನ್ನು ಕಂಡು ಹಾಡು ನಿಂತಿತು.

"ಮಗು ಬತ್ತಿಲ್ಲೆ," ಎಂದಳು ವನಜ. "ಇವತ್ತ್ ತೊಟ್ಲಂಗೆ ಕಲ್ಲೇ ಇರ್ಲಿ. ಹೆಸ್ರ್ ಕಲ್ಲಿನ್ ಕೆಮಿಗ್ ಹೇಳಿ. ಶ್ರಾವ್ಯನ್ ಶೀತ ಪೂರಾ ಹೋದ್ಮೇಲೆ ಬನ್ನಿ, ಮಗೂನ ನಾನೇ ನಿಮ್ ಮಡ್ಲಿಗ್ ಹಾಕ್ತೆ."

"ಎಂತ ಹೇಳ್ತ್ರಿ? ನಮ್ ಮನಿ ಮಗೂನ ನಮ್ಗ್ ಕೊಡುದಿಲ್ಯಾ?" ಎಂದಳು ಸುಗುಣ.

"ಮಕ್ಳಿಗೆ ಶೀತ ಆಪ್ದೇ!" ವಿಜೇತಾ ಎದ್ದೇಬಿಟ್ಟಳು. "ಲೋಕದಂಗೆ ಇಲ್ದಿದ್ ಮೊಮ್ಮಗ ನಿಮ್ದ್. ಬಾಗ್ಲಂಗೆ ಮೀನ್ ನೀರ್ ಚೆಲ್ಕಂಡ್ ಇಪ್ಪರ್ ನಮ್ಗ್ ಗಲೀಜಿನ್ ಪಾಠ ಹೇಳ್ತ್ರ್!"

ಬಾಯಿ ಬಿಡುವುದಿಲ್ಲ ಎಂದು ಕೊಟ್ಟ ಮಾತು ವನಜಳಿಗೆ ನೆನಪಿತ್ತು. ನೆನಪಿದ್ದೇ ಬಾಯಿ ಬಿಟ್ಟಳು.

"ಮೀನ್ ನೀರಿಂದ ಯಾವ್ ಮಗೀನ್ ಉಸ್ರೂ ಕಟ್ಲಿಲ್ಲೆ ಮಗಾ. ನಿನ್ ಬೆರ್ಳ್ ಕಾಣ್. ಸಕ್ರೆ ನೀರಿಗ್ ಅದ್ದುಕ್ ಮುಂಚೆ ಅದ್ ಎಲ್ಲಿದ್ದಿತ್ತ್ ಹೇಳ್ ಕಾಂಬ."

ಎಲ್ಲರೂ ಬೆರಳು ನೋಡಿದರು. ವಿಜೇತಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒಳಗಿನಿಂದ ಚಂದನಾ ಬಾಗಿಲು ಬಡಿಯತೊಡಗಿದಳು. "ಅಮ್ಮಾ, ಬಾಗ್ಲ್ ತೆಗಿ! ಎಂತ ಮಾಡ್ತಿದ್ದೆ ಅಮ್ಮಾ?" ಕೂಸೂ ಬೆಚ್ಚಿ ಅಳತೊಡಗಿತು.

"ಹೊರ್ಡಿ," ಎಂದಳು ಸುಗುಣ. "ಹೆಸ್ರಿಲ್ದೇ ಇರ್ಲಿ. ರತೀಶಾ, ಕಾರ್ ತೆಗುಕ್ ಹೇಳ್."

ರತೀಶ ಚಾವಡಿಯ ಬಾಗಿಲಲ್ಲಿ ನಿಂತು ಕಾಲ್ಬೆರಳು ನೋಡುತ್ತಿದ್ದ. ತಾಯಿಯ ಕಡೆಗೂ ಹೋಗಲಿಲ್ಲ, ಚಿಲಕದ ಕಡೆಗೂ ಬರಲಿಲ್ಲ. ಬೀಗರು ಉಣ್ಣದೆ ಎದ್ದು ಹೋದರೆ ಆ ಮಾತು ನಾಲ್ಕೂರಿಗೆ ಹರಡುತ್ತದೆ. ಅದನ್ನು ಜೀವಮಾನವಿಡೀ ಹೊರಬೇಕಾದವಳು ಬಾಗಿಲಾಚೆ ಅಳುತ್ತಿದ್ದಳು. ವನಜ ಚಿಲಕಕ್ಕೆ ಬೆನ್ನು ಕೊಟ್ಟು ನಿಂತಳು.

ಈ ಗಲಾಟೆಯಲ್ಲಿ ಶ್ರಾವ್ಯಳನ್ನು ಯಾರೂ ಗಮನಿಸಿರಲಿಲ್ಲ. ಅದು ತೊಟ್ಟಿಲಿನ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಅಂಚು ಹಿಡಿದು, ಟೊಪ್ಪಿ ಹಾಕಿದ ಕಲ್ಲನ್ನು ಬಗ್ಗಿ ನೋಡಿತು. ಕಾಡಿಗೆಯ ಕಣ್ಣು ಅದನ್ನೇ ನೋಡುತ್ತಿತ್ತು. ಕಾರಿನಲ್ಲಿ ದಾರಿಯುದ್ದಕ್ಕೂ ಕೇಳಿದ ಹೆಸರು ಅದರ ಬಾಯಲ್ಲೇ ಇತ್ತು.

"ಕೀತನ್!" ಎಂದು ಕಲ್ಲಿನ ಟೊಪ್ಪಿಗೆ ಬಾಯಿಟ್ಟು ಕೂಗಿತು. "ಕೀತನ್! ಕೀತನ್ ತಮ್ಮಾ!"

ಆಮೇಲೆ ಕಲ್ಲಿನ ಕೆನ್ನೆಗೆ ಒತ್ತಿ ಮುತ್ತು ಕೊಟ್ಟಿತು. ಮುಖ ಎತ್ತಿದಾಗ ಮೂಗಿನಿಂದ ಕಲ್ಲಿನವರೆಗೆ ಉದ್ದದ ಹಸಿರು ನೂಲೊಂದು ಚಾಚಿತು, ನಡುವೆ ಜಗ್ಗಿತು, ಕಡಿಯಿತು. ಮರುಕ್ಷಣ ಶ್ರಾವ್ಯ ಕಲ್ಲಿನ ಮುಖದ ಮೇಲೇ ಸೀನಿತು.

ಬಡಿಯುತ್ತಿದ್ದ ಬಾಗಿಲು ಸುಮ್ಮನಾಯಿತು.

"ಅಕಾ! ಹೆಸ್ರ್ ಇಟ್ಟಾಯ್ತಲೆ!" ಬಾಗಿ ಹೇಳಿದಳು. "ಅತ್ತೆ ಇಡ್ದಿದ್ರೆ ಅತ್ತೆ ಮಗ್ಳ್ ಇಟ್ಲ್!"

ಒಬ್ಬಿಬ್ಬರು ನಕ್ಕು, ಸುಗುಣಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಸುಗುಣ ಮೊಮ್ಮಗಳನ್ನು ಎತ್ತಿಕೊಳ್ಳಲು ಹೋದವಳು, ಅದರ ಕುತ್ತಿಗೆಗೆ ತಾಗಿದ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಮಗಳ ಕಡೆ ತಿರುಗಿದಳು. ವಿಜೇತಾ ಬ್ಯಾಗಿನಿಂದ ಸಿರಪ್ಪಿನ ಬಾಟಲಿ ಹೊರಗೆ ತೆಗೆಯುತ್ತಿದ್ದಳು.

"ಮೈ ಸುಡ್ತಾ ಇತ್ತಲೆ ಹೆಣೆ. ಬರೀ ಮೂಗ್ ಸೋರುದ್ ಅಂದ್ ಹೇಳ್ದೆ ನಂಗೆ!"

ವಿಜೇತಾ ಮುಚ್ಚಳಕ್ಕೆ ಸಿರಪ್ಪು ಸುರಿದಳು. ಸುಗುಣ ಕುರ್ಚಿಯಲ್ಲಿ ಕೂತಳು. ಯಾರನ್ನೂ ನೋಡದೆ, "ಎಲಿ ಹಾಕಿ," ಎಂದಳು.

ವನಜ ಬಿಸಿನೀರಲ್ಲಿ ಹಳೆಯ ಬಿಳಿ ಪಂಚೆಯ ತುಂಡು ಅದ್ದಿ ತಂದು ಶ್ರಾವ್ಯಳೆದುರು ಕುಕ್ಕರಗಾಲಲ್ಲಿ ಕೂತಳು. ಉಸಿರು ಬಿಗಿಹಿಡಿದು ಅದರ ಮೂಗು ಒರೆಸಿದಳು. ಅಡಿಯಲ್ಲಿ ಮೇಲ್ತುಟಿಯ ಚರ್ಮ ಕೆಂಪಗೆ ಸುಲಿದು ಹೋಗಿತ್ತು. ಎರಡು ಮೂರು ದಿನದಿಂದ ಸಿಂಬಳ ಹರಿದು ಹರಿದು ಆದ ಹುಣ್ಣು. ಮಗು ಉರಿ ತಾಳದೆ ಮುಖ ತಿರುಗಿಸಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಆ ಮುದ್ದೂ ಇಲ್ಲವಲ್ಲ ಎಂದು ವನಜಳಿಗೆ ಮತ್ತೊಮ್ಮೆ ವಾಕರಿಕೆ ಬಂತು. ಈ ಸಲ ಅದು ಸಿಂಬಳ ಕಂಡು ಬಂದದ್ದಲ್ಲ. ಹುಣ್ಣಿಗೆ ಕೊಬ್ಬರಿ ಎಣ್ಣೆ ಸವರಿ, ಪಂಚೆಯ ತುಂಡನ್ನು ಒಲೆಗೆ ಹಾಕಿದಳು.

ಬೀಗರು ಉಂಡರು. ವಿಜೇತಾ ಉಣ್ಣಲಿಲ್ಲ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾರಿನಲ್ಲೇ ಕೂತಳು. ಹೊರಡುವಾಗ ಸುಗುಣ ಮೆಟ್ಟಿಲಲ್ಲಿ ನಿಂತು ಹೇಳಿದಳು. "ಶೀತ ಹೋದ್ಮೇಲೆ ಬತ್ತೆ. ಆಗ್ಳೂ ಬಾಗ್ಲ್ ಹಾಕ್ರೆ ಮತ್ತೆ ಬಪ್ದಿಲ್ಲೆ." ವನಜ ತಲೆಯಾಡಿಸಿದಳು.

ರತೀಶ ಅವರೊಟ್ಟಿಗೆ ಹೋಗಲಿಲ್ಲ. ಬಾವಿಕಟ್ಟೆಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದ. ಮುಖ ತೊಳೆದ. ಅಂಗಿ ಬಿಚ್ಚಿ ಹಗ್ಗಕ್ಕೆ ಹಾಕಿ, ಅಲ್ಲೇ ಒಗೆದು ಒಣಗಿದ್ದ ಅಂಗಿಯೊಂದನ್ನು ತೊಟ್ಟ. ಆಮೇಲೆ ಒಳಗೆ ಹೋಗಿ ಚಿಲಕ ತೆಗೆದ.

ವನಜ ತೊಟ್ಟಿಲಿನ ಹಗ್ಗ ಬಿಚ್ಚಿ ಕುದಿಯುವ ನೀರಿಗೆ ಹಾಕಿದಳು. ಕಲ್ಲನ್ನು ಬಟ್ಟೆ ಸಮೇತ ಎತ್ತಿಕೊಂಡು ಹೋಗಿ, ಬಾವಿಕಟ್ಟೆಯ ಮೇಲಿಟ್ಟು, ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದಳು. ಕೆನ್ನೆಯ ಮೇಲೆ ಅದು ಅರ್ಧ ಒಣಗಿ ಹೊಳೆಯುತ್ತಿತ್ತು. ಥೂ ಎಂದು ಪಕ್ಕಕ್ಕೆ ಉಗಿದಳು. ಬಿಸಿನೀರು ಹೊಯ್ದಳು, ಮತ್ತೆ ಉಜ್ಜಿದಳು, ಮತ್ತೆ ಹೊಯ್ದಳು. ಸಿಂಬಳ ಹೋಯಿತು. ಎಣ್ಣೆಯೊಟ್ಟಿಗೆ ಕಲ್ಲಿಗೆ ಇಳಿದ ಕಾಡಿಗೆ ಹೋಗಲಿಲ್ಲ. ಸಂಜೆಗೆ ಬಂಗುಡೆ ಸಾರಾಗಬೇಕಿತ್ತು. ಇವತ್ತು ಇದರಲ್ಲಿ ಅರೆಯಲು ಸಾಧ್ಯವಿಲ್ಲ, ಮಿಕ್ಸಿಗೇ ಹಾಕುವುದು ಎಂದುಕೊಂಡಳು.

ಒಳಕೋಣೆಯ ಕಿಟಕಿಯಿಂದ ಚಂದನಾಳ ದನಿ ಕೇಳಿತು. "ಕೀರ್ತನ್," ಎಂದು ಒಮ್ಮೆ ಹೇಳಿ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.

ವನಜ ತಿರುಗಿ ನೋಡಲಿಲ್ಲ. ಇನ್ನೊಂದು ಸಲ ಸೋಪು ಹಚ್ಚಿ ಕೈ ತೊಳೆದಳು. ಬಾವಿಕಟ್ಟೆಯ ಮೇಲೆ ಕಪ್ಪು ಕಣ್ಣು ಬಿಟ್ಟುಕೊಂಡು ಕಲ್ಲು ಬಿಸಿಲಿಗೆ ಒಣಗುತ್ತಿತ್ತು.