ನಂಜಯ್ಯನ ಕೆಮ್ಮು

ಆ ದಿನ ಬೆಳಿಗ್ಗೆ ಹಳ್ಳಿಮೈಸೂರಿನಲ್ಲಿ ಎಂಥ ಮಂಜೆಂದರೆ, ಹರದನಹಳ್ಳಿಯಿಂದ ಬಂದ ಚನ್ನಪ್ಪ ತನ್ನ ಮೊಪೆಡ್ಡನ್ನು ಗೆಳೆಯ ನಂಜಯ್ಯನ ಮನೆಯೆಂದುಕೊಂಡು ಎದುರುಮನೆಯ ಕೊಟ್ಟಿಗೆಗೆ ನುಗ್ಗಿಸಿ, ಎಮ್ಮೆಯ ಹತ್ತಿರ ತಪ್ಪಾಯ್ತೆಂದು ಹೇಳಿ ಹೊರಬಂದ. ನಂಜಯ್ಯ ಶಿವನ ಪಾದ ಸೇರಿ ಅಂದಿಗೆ ವರ್ಷ. ಸಂಜೆ ಭಜನೆಯಿತ್ತು. ಚನ್ನಪ್ಪನ ಜೇಬಿನಲ್ಲಿ, ಕಾಗದದಲ್ಲಿ ಸುತ್ತಿದ ಬೆರಳುದ್ದದ ಹಿತ್ತಾಳೆ ರೀಡೊಂದಿತ್ತು.

ಅದು ನಂಜಯ್ಯನ ಹಾರ್ಮೋನಿಯಂನದು. ಮಧ್ಯಮ ಸ್ವರ ಹೊರಡಿಸುವಂಥದು. ಆ ಪೆಟ್ಟಿಗೆಯೆಂದರೆ ಇಬ್ಬರಿಗೂ ಪ್ರಾಣ. ನುಡಿಸುವವನು ನಂಜಯ್ಯ, ಒರೆಸಿ ರಿಪೇರಿ ಮಾಡುವವನು ಮರಗೆಲಸದ ಚನ್ನಪ್ಪ. ಒಂಬತ್ತು ವರ್ಷದ ಹಿಂದೊಮ್ಮೆ ನಂಜಯ್ಯ, "ನಿಂಗೆ ಮರ ಗೊತ್ತು, ಸ್ವರ ಎಲ್ ಗೊತ್ತಾಯ್ತದ್ಲಾ?" ಎಂದು ನಾಲ್ಕು ಜನರೆದುರು ನಕ್ಕುಬಿಟ್ಟ. ಇವನಿಗೆಷ್ಟು ಗೊತ್ತಾಗುತ್ತದೋ ನೋಡೋಣವೆಂದು ಚನ್ನಪ್ಪ ಮೆಲ್ಲಗೆ ಆ ರೀಡನ್ನು ಕಿತ್ತಿಟ್ಟುಕೊಂಡ. ಬೈದು ಕೇಳಲಿ, ಕೊಟ್ಟುಬಿಡುತ್ತೇನೆ ಎಂದು ಕಾದ. ನಂಜಯ್ಯ ಕೇಳಲಿಲ್ಲ. ಆ ಸ್ವರ ಬಂದಲ್ಲಿ "ಉಹ್ಹುಂ" ಎಂದು ಕೆಮ್ಮಿ ಮುಂದಕ್ಕೆ ಹೋದ. ಕೇಳಿದವರು "ಏನ್ ಭಾವ!" ಎಂದು ತಲೆದೂಗಿದರು. ಆಮೇಲೆ ಅವನೂ ಬಾಯಿಬಿಡಲಿಲ್ಲ, ಇವನೂ ಬಿಡಲಿಲ್ಲ.

ಈಗ ಪಡಸಾಲೆಯಲ್ಲಿ ನಂಜಯ್ಯನ ಮಗ ಶಿವಕುಮಾರ್ ಪೆಟ್ಟಿಗೆ ಮುಂದೆ ಕೂತು ಐವರಿಗೆ ಹಾಡು ಕಲಿಸುತ್ತಿದ್ದ.

"ಆ ಸ್ವರ ಎಳೀಬ್ಯಾಡಿ. ಅಲ್ಲಿ ಎಲ್ರೂ ಒಟ್ಗೆ ಕೆಮ್ಬೇಕು. ಅದ್ಕೇ ಅಪ್ಪಾಜಿ ಅಲ್ಲಿ ರೀಡೇ ಇಕ್ಕಿಲ್ಲ, ನೋಡಿ."

ಐವರೂ ಕೆಮ್ಮಿದರು.

"ತಮ್ಮಯ್ಯಣ್ಣ, ನಿಂದು ಬೀಡಿ ಕೆಮ್ಮು ಕಣಣ್ಣ! ವಸಿ ಭಕ್ತಿ ಇರ್ಲಿ. ಚನ್ನಪ್ಪ ಮಾವ, ನೀವೇ ಏಳಿ, ಅಪ್ಪಾಜಿ ಇಂಗೇ ಅಲ್ವಾ ಕೆಮ್ತಿದ್ದುದು? ಒಳೆನರಸೀಪುರದ ಭಜನೆಯೋರ್ಗೂ ಏಳ್ಕೊಡವಾ ಅಂತಿದ್ದೀನಿ."

ಚನ್ನಪ್ಪನಿಗೆ ನಗು ಬಂತು. ನಗುವಿನ ಬೆನ್ನಿಗೇ ಕೈ ಜೇಬಿನ ಕಾಗದದ ಮೇಲೆ ಹೋಯಿತು. ಸುಮ್ಮನಿದ್ದರೆ ಗೆಳೆಯನ ಹಾಡು ಊರೂರಿಗೂ ಹೀಗೇ ಕೆಮ್ಮಿಕೊಂಡು ಹೋಗುತ್ತದೆ. ಬಾಯಿಬಿಟ್ಟರೆ ಈ ಮನೆಯ ಹೊಸ್ತಿಲು ತುಳಿಯಲು ಮುಖವಿರುವುದಿಲ್ಲ.

ನಂಜಯ್ಯನ ಹೆಂಡತಿ ನೀಲಾಂಬಿಕೆ ಕಾಫಿ ತಂದು ಮುಂದಿಟ್ಟಳು. "ಯಾಕಣ್ಣಯ್ಯ, ಈ ಮಂಜ್ನಾಗೂ ಬೆವರ್ತಿದ್ದೀಯ?"

"ಅವ್ನು ಕೆಮ್ತಿದ್ದುದು ಭಕ್ತಿಗಲ್ಲ ಕಣವ್ವ," ಎಂದ ಚನ್ನಪ್ಪ. "ನನ್ನಿಂದ."

ಪಡಸಾಲೆಯ ಕೆಮ್ಮು ನಿಂತಿತು. ಅವನು ಕಾಗದ ಬಿಚ್ಚಿ, ರೀಡನ್ನು ಪಂಚೆಯ ಅಂಚಿನಿಂದ ಒರೆಸಿದ. ನೀಲಾಂಬಿಕೆ ವಿಭೂತಿ ಈಸಿಕೊಳ್ಳುವವಳಂತೆ ಬಲಗೈಯ ಕೆಳಗೆ ಎಡಗೈ ಕೊಟ್ಟು ಮುಂದೆ ಚಾಚಿದಳು. ಚನ್ನಪ್ಪ ಅದನ್ನು ಆ ಅಂಗೈಯ ಮೇಲಿಟ್ಟ.